ಲೆಕ್ಕಕ್ಕೆ ಸಿಗಬೇಕಾದ ಮಗ್ಗದ ಮನೆ
2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳು ಎಷ್ಟರಮಟ್ಟಿಗೆ ಈಡೇರುತ್ತಿವೆ ಎಂಬುದನ್ನು ಅಳೆದು ಹೇಳಬೇಕಾದವು ಆಯಾ ದೇಶದ ಸಾಂಖ್ಯಿಕ ಕಚೇರಿಗಳಾದ್ದರಿಂದ, ಯಾವುದಕ್ಕೆ ಆದ್ಯತೆ ಎಂದು ಆ ಕಚೇರಿಗಳನ್ನು ಕೇಳುವುದೆಂದರೆ ಯಾರ ಬದುಕು ಮೊದಲು ಲೆಕ್ಕಕ್ಕೆ ಬರಬೇಕು ಎಂದು ಕೇಳಿದಂತೆಯೇ ಸರಿ. ದೊಡ್ಡಬಳ್ಳಾಪುರವನ್ನೇ ನೋಡಬಹುದು. ಇಲ್ಲಿನ ಅಂತರ್ಜಲದ ಸ್ಥಿತಿ ತಾಲ್ಲೂಕು ಮಟ್ಟದಲ್ಲಿಯೇ ದಾಖಲಾಗುತ್ತದೆ. ವರ್ಷದಲ್ಲಿ ಬಳಸಬಹುದಾದ ಮರುಪೂರಣಕ್ಕಿಂತ ಹೆಚ್ಚು ನೀರೆತ್ತುವ ಪ್ರದೇಶವನ್ನು 'ಅತಿಬಳಕೆ' ವರ್ಗಕ್ಕೆ ಸೇರಿಸುತ್ತಾರೆ, ಈ ತಾಲ್ಲೂಕು ಆ ವರ್ಗದಲ್ಲಿದೆ. ಆದರೆ ಊರಿಗೆ ಹೆಸರು ತಂದ ವಿದ್ಯುತ್ ಮಗ್ಗದ ಮನೆಗಳಲ್ಲಿ, ಒಲೆಯ ಮೇಲೆ ಅನ್ನ ಬೇಯುವಷ್ಟರಲ್ಲಿ ನೂಲು ಸುತ್ತಿ, ಕಡಿದ ಎಳೆಗೆ ಗಂಟು ಹಾಕಿ, ಮತ್ತೆ ಒಲೆಯ ಮುಂದೆ ಕೂರುವ ಹೆಂಗಸಿನ ಕೂಲಿಯಿಲ್ಲದ ದುಡಿಮೆ, ಕೇಳುವವರು ಬಿಡಿಸಿ ಕೇಳದಿದ್ದರೆ 'ಮನೆಗೆಲಸ' ಎಂಬ ಒಂದೇ ಮಾತಿನಲ್ಲಿ ಕರಗಿಹೋಗುತ್ತದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿಯೂ 2024ರಲ್ಲಿಯೂ ನಡೆಸಿದ ಸಮಯ ಬಳಕೆ ಸಮೀಕ್ಷೆ, ಅಂದರೆ ಬೆಳಗಿನ ಜಾವ 4ರಿಂದ ಮರುದಿನ 4ರವರೆಗಿನ ದಿನಚರಿಯನ್ನು ಅರ್ಧರ್ಧ ಗಂಟೆಯ ತುಣುಕುಗಳಲ್ಲಿ ಬರೆದುಕೊಳ್ಳುವ ಕ್ರಮ, ಈ ಕೊರತೆಯನ್ನು ತುಂಬಬಲ್ಲ ಅಮೂಲ್ಯ ಸಾಧನ. ಲಿಂಗ ಸಮಾನತೆ ಕುರಿತ 5ನೆಯ ಗುರಿಯ ಒಂದು ಸೂಚಕಕ್ಕೆ ಆಧಾರವೂ ಅದೇ. ಆದರೆ ಅದು ಇಡೀ ದೇಶಕ್ಕೂ ರಾಜ್ಯಗಳಿಗೂ ಹೊಂದುವಂತೆ ಆಯ್ದ ಮಾದರಿ ಕುಟುಂಬಗಳ ಸಮೀಕ್ಷೆಯೇ ಹೊರತು ಒಂದು ತಾಲ್ಲೂಕಿನ ಚಿತ್ರ ಕೊಡುವಂಥದ್ದಲ್ಲ. ನೆಲದಡಿಯ ನೀರಿಗೆ ತಾಲ್ಲೂಕುವಾರು ಲೆಕ್ಕ ಇಡಬಲ್ಲ ವ್ಯವಸ್ಥೆ, ಮಗ್ಗದ ಪಕ್ಕದ ಈ ದುಡಿಮೆಗೂ ಅಂಥದ್ದೇ ಲೆಕ್ಕವನ್ನು ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಮೂಲಕ ಆರಂಭಿಸಬೇಕು.