ಎರಡನೇ ಸಲ ಬರೆಯುವ ಮುನ್ನ

ಗೊರೂರು ಹಿನ್ನೀರು ಶೆಟ್ಟಿಹಳ್ಳಿಯ ಹಳೇ ಚರ್ಚಿನ ಗೋಡೆ ಹತ್ತುವ ಮಳೆಗಾಲದಲ್ಲಿ ನನ್ನಲ್ಲಿಗೆ ಬರುವವರು ನೆಗಡಿ, ಜ್ವರದವರೇ ಹೆಚ್ಚು. ಕಳೆದ ಜುಲೈನಲ್ಲಿ ಆ ಕಡೆಯ ತಾಯಿಯೊಬ್ಬರು ಮಗಳನ್ನು ಕರೆತಂದದ್ದು ಬೇರೆಯೇ ಕಾರಣಕ್ಕೆ. "ಓದಕ್ಕೆ ಕೂತ್ರೆ ತಲೆ ಸುತ್ತುತ್ತಂತೆ ಡಾಕ್ಟ್ರೇ. ಡಿಸೆಂಬರ್‌ಗೆ ಇನ್ನೊಂದ್ಸಲ ಪರೀಕ್ಷೆ ಬರೀಬೇಕು, ಒಂದು ಟಾನಿಕ್ ಬರ್ಕೊಡಿ" ಎಂದರು.

ಪರೀಕ್ಷೆ ಎಂದರೆ ಕ್ಲಾಟ್. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮತ್ತು ಅಂಥ ಇತರ ವಿಶ್ವವಿದ್ಯಾಲಯಗಳ 5 ವರ್ಷದ ಪದವಿಗೆ ಇದರ ರ‍್ಯಾಂಕೇ ಆಧಾರ. 120 ನಿಮಿಷ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಎಲ್ಲವೂ ಇಂಗ್ಲಿಷಿನಲ್ಲಿ. ಹುಡುಗಿ ದ್ವಿತೀಯ ಪಿಯುಸಿಯಲ್ಲಿದ್ದಾಗಲೇ ಬರೆದಿದ್ದಳು, ರ‍್ಯಾಂಕ್ ಸಾಲಲಿಲ್ಲ. ಈ ವರ್ಷ ಬೇರೆಲ್ಲೂ ಅರ್ಜಿ ಹಾಕದೆ ಮನೆಯಲ್ಲೇ ಕೂತು ಓದಲಿ ಎಂಬುದು ತಂದೆಯ ತೀರ್ಮಾನ.

ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9 ಇತ್ತು; ಇರಬೇಕಾದದ್ದು 12. ಇದೇನು ಅಪರೂಪವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಜೊತೆಗೆ ರಾತ್ರಿ ಎರಡರವರೆಗೆ ಓದು, ಎಚ್ಚರವಿರಲು ಕಾಫಿ, ಮತ್ತೆ ಬೆಳಿಗ್ಗೆ ಆರಕ್ಕೆ ಏಳುವುದು. ಹಿಂದಿನ ಸಲವೂ ಹೀಗೇ ಓದಿದ್ದಳಂತೆ.

ಒಂದು ಔಷಧಿ ಕೆಲಸ ಮಾಡದಿದ್ದರೆ ಏಕೆ ಎಂದು ಕೇಳದೆ ಅದನ್ನೇ ಮತ್ತೆ ಬರೆದುಕೊಡುವ ವೈದ್ಯನನ್ನು ನೀವು ಒಪ್ಪುವುದಿಲ್ಲ. ಮರುಪರೀಕ್ಷೆಯೂ ಹಾಗೆಯೇ. ಮೊದಲ ಸಲ ಅಂಕ ಕಡಿಮೆ ಬಂದ ಕಾರಣ ಹಾಗೇ ಉಳಿದಿದ್ದರೆ ಒಂದು ವರ್ಷ ಹೆಚ್ಚು ಓದಿಯೂ ಅಷ್ಟೇ. ಈ ವಯಸ್ಸಿಗೆ ಎಂಟು ಗಂಟೆ ನಿದ್ದೆ ಬೇಕು. ಹಗಲು ಓದಿದ್ದು ಮನಸ್ಸಿನಲ್ಲಿ ನೆಲೆಯಾಗುವುದು ನಿದ್ದೆಯಲ್ಲಿ. ಕಬ್ಬಿಣಾಂಶದ ಮಾತ್ರೆಯಿಂದ ತಿಂಗಳಲ್ಲಿ ರಕ್ತ ಏರತೊಡಗುತ್ತದೆ ನಿಜ, ಆದರೆ ದೇಹದಲ್ಲಿ ದಾಸ್ತಾನು ತುಂಬಲು ಆಮೇಲೂ ಮೂರು ತಿಂಗಳು ನುಂಗಬೇಕು. ಜುಲೈನಲ್ಲಿ ಆರಂಭಿಸಿದರೆ ಡಿಸೆಂಬರ್‌ಗೆ ಸರಿಹೋಗುತ್ತದೆ. ಹಾಲ್ ಟಿಕೆಟ್ ಬಂದ ಮೇಲೆ ಟಾನಿಕ್ ಕೇಳಿದರೆ ನಾನೇನು ಮಾಡಲಿ? ಊಟವಾದ ಕೂಡಲೇ ಕಾಫಿ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಹಾಸನದವರಿಗೆ ಈ ಮಾತು ರುಚಿಸುವುದಿಲ್ಲವೆಂದು ಗೊತ್ತು.

ಇನ್ನು ಅರ್ಜಿಯ ವಿಚಾರ. ಡಿಸೆಂಬರ್‌ನಲ್ಲಿ ಬರೆದ ಪರೀಕ್ಷೆಯ ಸೀಟು ಮುಂದಿನ ವರ್ಷದ ಮಧ್ಯಭಾಗದ ಪ್ರವೇಶಕ್ಕೆ. ಅಂದರೆ ಮನೆಯಲ್ಲಿ ಕೂರುವುದು ಐದು ತಿಂಗಳಲ್ಲ, ಪೂರ್ತಿ ಒಂದು ವರ್ಷ. ಎಷ್ಟೋ ತಂದೆತಾಯಿಯರು ಇದನ್ನು ಲೆಕ್ಕ ಹಾಕಿರುವುದಿಲ್ಲ. 2024ರ ಡಿಸೆಂಬರ್ 1ರ ಕ್ಲಾಟ್ ಉತ್ತರಗಳ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಪರಿಷ್ಕೃತ ಫಲಿತಾಂಶ ಬಂದದ್ದು 2025ರ ಮೇ ತಿಂಗಳಲ್ಲಿ. ಅಷ್ಟು ದಿನ ಮಕ್ಕಳು ಉಸಿರು ಬಿಗಿಹಿಡಿದು ಕಾದರು.

ಹಳ್ಳಿಯ ಮನೆಯಲ್ಲಿ ಆ ವರ್ಷ ಹೇಗಿರುತ್ತದೆ? ಗೆಳತಿಯರೆಲ್ಲ ಕಾಲೇಜಿಗೆ ಹೋಗಿರುತ್ತಾರೆ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ "ಈಗೇನ್ ಮಾಡ್ತಿದೀಯವ್ವ?" ಎಂದು ಕೇಳುತ್ತಾರೆ. ಹುಡುಗಿ ಮದುವೆಗೆ ಹೋಗುವುದನ್ನೇ ಬಿಡುತ್ತಾಳೆ.

ಆದ್ದರಿಂದ ಅರ್ಜಿ ಈಗಲೇ ಹಾಕಿ ಎಂಬುದು ನನ್ನ ಅಭಿಪ್ರಾಯ. ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ 5 ವರ್ಷದ ಪದವಿಗೆ ಪಿಯುಸಿ ಅಂಕ ಸಾಕು, ಕ್ಲಾಟ್ ಬೇಡ. ಅಲ್ಲಿ ಓದುತ್ತಲೇ ಕ್ಲಾಟ್ ಬರೆಯಬಹುದು. ಸೇರುವಾಗಲೇ ಮೂಲ ದಾಖಲೆ, ಶುಲ್ಕ ಹಿಂದಕ್ಕೆ ಪಡೆಯುವ ನಿಯಮ ಕೇಳಿಕೊಳ್ಳಿ. ಸೆಮಿಸ್ಟರ್ ಪರೀಕ್ಷೆ ಡಿಸೆಂಬರ್ ಹತ್ತಿರವೇ ಬಂದು ಮಗು ಎರಡರ ನಡುವೆ ಸಿಕ್ಕಿಕೊಳ್ಳಬಹುದು, ಅದನ್ನು ಅಲ್ಲಗಳೆಯಲಾರೆ. ಮೊದಲ ಸಲ ಟೈಫಾಯಿಡ್‌ನಂಥ ಕಾಯಿಲೆಯಿಂದ ಕೆಟ್ಟದ್ದಾದರೆ, ಮಗುವೇ ಬಯಸಿದರೆ, ಒಂದು ವರ್ಷ ಬಿಡುವುದೂ ತಪ್ಪಲ್ಲ. ನಾನೂ ಸಿಇಟಿ ಎರಡು ಸಲ ಬರೆದವನೇ. ಆದರೆ ಆ ತೀರ್ಮಾನ ಓದುವವರದ್ದಾಗಿರಬೇಕು.

ನಡುರಾತ್ರಿ ಎಚ್ಚರವಾಗುವುದು, ಊಟ ಬಿಡುವುದು, ಸುಮ್ಮಸುಮ್ಮನೆ ಅಳುವುದು ಎರಡು ವಾರ ಮುಂದುವರಿದರೆ ವೈದ್ಯರಿಗೆ ತೋರಿಸಿ. ಬದುಕಿ ಪ್ರಯೋಜನವಿಲ್ಲ ಎಂಬ ಮಾತು ಬಂದರೆ ಆ ದಿನವೇ ತೋರಿಸಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆ ಹುಡುಗಿಯನ್ನು, "ನಿನಗೇನನಿಸುತ್ತೆ?" ಎಂದು ಕೇಳಿದೆ. ತಾಯಿಯ ಮುಖ ನೋಡಿ, "ಕಾಲೇಜಿಗೆ ಹೋಗ್ತೀನಿ ಸಾರ್, ಇದನ್ನೂ ಬರೀತೀನಿ" ಎಂದಳು. ಅದೇ ವಾರ ಹಾಸನದಲ್ಲಿ ಅರ್ಜಿ ಕೊಟ್ಟು ಬಂದರು. ತಾಯಿ ಮಾತ್ರ ಪ್ರತಿ ಸಲವೂ ಟಾನಿಕ್ ಕೇಳುತ್ತಾರೆ.