ಹಿತ್ತಿಲ ಹಕ್ಕಿಗೆ ಕಾಳಿಗಿಂತ ನೀರು

ಬಾಲ್ಕನಿಯಲ್ಲಿ ಕಾಳಿನ ಡಬ್ಬಿ ನೇತುಹಾಕಿ, ಬಂದ ಹಕ್ಕಿಗಳ ಫೋಟೊ ತೆಗೆಯುವ ಹವ್ಯಾಸ ನಮ್ಮ ನಗರಗಳಿಗೂ ಬಂದಿದೆ. ಕ್ಯಾಮೆರಾದ ಬಗ್ಗೆ ತಕರಾರಿಲ್ಲ, ಡಬ್ಬಿಯ ಬಗ್ಗೆ ಇದೆ. ಅದು ಹಿಮ ಬೀಳುವ ನಾಡುಗಳ ಪದ್ಧತಿ. ಅಲ್ಲಿ ಚಳಿಗಾಲದಲ್ಲಿ ನೆಲ ಮುಚ್ಚಿಹೋಗಿ ಮೇವು ಸಿಗದಾಗ ಹಕ್ಕಿಗಳಿಗೆ ಸೂರ್ಯಕಾಂತಿ ಬೀಜ ಆಸರೆಯಾಗುತ್ತದೆ. ಅಮೆರಿಕ, ಕೆನಡಾಗಳಲ್ಲಿ 1987ರಿಂದ ನಡೆದಿರುವ ಪ್ರಾಜೆಕ್ಟ್ ಫೀಡರ್‌ವಾಚ್ ಎಂಬ ಹಕ್ಕಿ ಗಣತಿಯೂ ನವೆಂಬರ್‌ನಿಂದ ಏಪ್ರಿಲ್‌ವರೆಗಿನದೇ. ಆ ತಿಂಗಳುಗಳಲ್ಲಿ ನಮ್ಮ ಹೊಲ, ಬೇಲಿಗಳೇನೂ ಬರಿದಾಗಿರುವುದಿಲ್ಲ. ಮೇಲಾಗಿ, ಫೋಟೊದವರು ಕಾದು ಕೂರುವ ಹಕ್ಕಿಗಳಲ್ಲಿ ಹೆಚ್ಚಿನವು ಕಾಳು ಮುಟ್ಟುವುದೇ ಇಲ್ಲ. ಸೂರಕ್ಕಿಗೆ ಮಕರಂದ ಬೇಕು, ಟುವ್ವಿ ಹಕ್ಕಿಗೆ ಹುಳು, ಕುಟ್ರುಹಕ್ಕಿಗೂ ಪಿಕಳಾರಕ್ಕೂ ಹಣ್ಣು. ಡಬ್ಬಿಗೆ ಮೊದಲು ಹಾಜರಾಗುವುದು ಪಾರಿವಾಳ. ದೇಶದಲ್ಲಿ ಅದರ ಸಂಖ್ಯೆ ಏರುತ್ತಲೇ ಇದೆಯೆಂದು 2023ರ ಭಾರತೀಯ ಪಕ್ಷಿಗಳ ಸ್ಥಿತಿಗತಿ ವರದಿ ಹೇಳಿದೆ; ನಮ್ಮ ಜೋಳದ ಹಂಗು ಅದಕ್ಕಿಲ್ಲ.

ಗುಬ್ಬಚ್ಚಿಗಾದರೂ ಕಾಳು ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ನಿಜ. ಆದರೆ ಅದು ತನ್ನ ಮರಿಗಳಿಗೆ ಗುಟುಕು ಕೊಡುವುದು ಮುಖ್ಯವಾಗಿ ಹುಳುಗಳನ್ನೇ. ಬೆಳಿಗ್ಗೆ ಒಂದು ಹಿಡಿ ಚೆಲ್ಲಿದರೆ ಸಾಕು, ಇಡೀ ದಿನ ತುಂಬಿಯೇ ಇರುವ ಡಬ್ಬಿ ಬೇಕಿಲ್ಲ. ಹಲವು ಹಕ್ಕಿಗಳು ಒಂದೇ ಕಡೆ ಕೊಕ್ಕಿಟ್ಟರೆ ಏನಾಗುತ್ತದೆಂಬುದನ್ನು ಬ್ರಿಟನ್ ಕಂಡಿದೆ. 2005ರಿಂದ ಅಲ್ಲಿನ ಗ್ರೀನ್‌ಫಿಂಚ್‌ಗಳಲ್ಲಿ ಹರಡಿದ ಗಂಟಲು ರೋಗಕ್ಕೆ ಜನ ಅಕ್ಕರೆಯಿಂದ ಇಟ್ಟ ಕಾಳಿನ ತಟ್ಟೆಗಳೇ ದಾರಿಯಾದವು. 2021ರಲ್ಲಿ ಆ ಹಕ್ಕಿ ಅಲ್ಲಿನ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿ ಸೇರಿತು. ಕಾಳಿನ ಬದಲು ಇಡುವ ನೀರಿನ ಬೋಗುಣಿಯಿಂದಲೂ ಇದೇ ರೋಗ ಹರಡಬಲ್ಲದು ಎಂಬ ಆಕ್ಷೇಪ ಸರಿಯಾದದ್ದೇ. ದಿನಾ ತಿಕ್ಕಿ ತೊಳೆದು ನೀರು ಬದಲಿಸಲು ಆಗದವರು ಅದನ್ನೂ ಇಡಬಾರದು. ಆದರೂ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ನಮ್ಮ ಊರುಗಳಲ್ಲಿ ಹಕ್ಕಿಗೆ ನಿಜಕ್ಕೂ ಕೊರತೆಯಾಗುವುದು ನೀರು, ಮತ್ತು ನೀರಿಗೆ ಹುಳು ತಿನ್ನುವ ಹಕ್ಕಿಯೂ ಬರುತ್ತದೆ, ಹಣ್ಣು ತಿನ್ನುವ ಹಕ್ಕಿಯೂ ಬರುತ್ತದೆ.

ಹತ್ತಿರದಿಂದ, ಒಳ್ಳೆಯ ಬೆಳಕಿನಲ್ಲಿ ಫೋಟೊ ಸಿಗುವುದು ಡಬ್ಬಿಯ ಬಳಿ ಮಾತ್ರ ಎಂಬ ವಾದ ಅರ್ಧ ಸತ್ಯ. ಅಲ್ಲಿ ಸಿಗುವುದು ಪ್ಲಾಸ್ಟಿಕ್‌ಗೆ ಕತ್ತು ಬಗ್ಗಿಸಿದ ಅದೇ ಭಂಗಿ, ಸಾವಿರ ಸಲ. ಬೋಗುಣಿಯಲ್ಲಿ ಮೀಯುವ ಮಡಿವಾಳ ಹಕ್ಕಿ ರೆಕ್ಕೆ ಕೊಡವುವುದನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ವೇಗದ ಶಟರ್‌ನಲ್ಲಿ ಹಿಡಿದು ನೋಡಿ. ಸೈಟಿನ ಮೂಲೆಯಲ್ಲಿ ಒಂದು ಗಸಗಸೆ ಹಣ್ಣಿನ ಮರವಿದ್ದರೆ ವರ್ಷದ ಬಹುಪಾಲು ಹಕ್ಕಿಗಳ ಓಡಾಟ ಇದ್ದೇ ಇರುತ್ತದೆ. ಫ್ಲ್ಯಾಟಿನವರಿಗೆ ಕುಂಡದ ದಾಸವಾಳವಾದರೂ ಆದೀತು. ಬೋಗುಣಿಯ ಪಕ್ಕ ಒಂದು ಒಣ ಕೊಂಬೆ ಸಿಕ್ಕಿಸಿ. ಹಕ್ಕಿ ನೀರಿಗಿಳಿಯುವ ಮೊದಲು ಅಲ್ಲಿ ಕೂತು ಸುತ್ತಲೂ ನೋಡುತ್ತದೆ.