ಸಿಪ್ಯಾಪ್ ಯಂತ್ರವನ್ನು ಕಪಾಟಿಗೆ ಸೇರಿಸುವ ಮುನ್ನ

"ಗೊರಕೆಗೆ ಒಂದು ಮಾಜೂನ್ ಕೊಡಿ ಹಕೀಂ ಸಾಹೇಬರೇ, ಆ ಮೆಷಿನ್ ಸಾಕಾಗಿದೆ" ಎಂದು ಬರುವವರಿದ್ದಾರೆ. ನೇರವಾಗಿ ಹೇಳುತ್ತೇನೆ: ನಿದ್ರೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾಕ್ಕೆ ಸಿಪ್ಯಾಪ್‌ನ ಜಾಗ ತುಂಬುವ ಮಾಜೂನ್ ನನ್ನಲ್ಲಿಲ್ಲ. ಆದರೆ ಯಂತ್ರದ ಕಿರಿಕಿರಿಯನ್ನು ನೀವು ಸಹಿಸಿಕೊಂಡೇ ಇರಬೇಕೆಂದೂ ಇಲ್ಲ.

ಹಾಕಿದ ಕೂಡಲೇ ಗಾಳಿ ನುಗ್ಗಿದಂತಾದರೆ 'ರ‍್ಯಾಂಪ್' ಚಾಲೂ ಮಾಡಿ. ಗಾಳಿ ಕಡಿಮೆ ಒತ್ತಡದಿಂದ ಶುರುವಾಗಿ ನಿಧಾನಕ್ಕೆ ಏರುತ್ತದೆ. ಮೂಗು, ಬಾಯಿ ಒಣಗಿದರೆ ಹ್ಯುಮಿಡಿಫೈಯರ್ ಒಂದು ಹಂತ ಏರಿಸಿ. ಕೊಳವೆಯಲ್ಲಿ ನೀರು ಗುಳುಗುಳು ಎಂದರೆ ಇಳಿಸಿ. ಅದಕ್ಕೆ ಡಿಸ್ಟಿಲ್ಡ್ ನೀರೇ ಹಾಕಿ, ದಿನವೂ ಬದಲಾಯಿಸಿ.

ನಾನು ಕಂಡಂತೆ ತಕರಾರು ಹೆಚ್ಚಾಗಿ ಮಾಸ್ಕಿನದೇ. ಸೋರಿತೆಂದು ಪಟ್ಟಿ ಬಿಗಿಯುತ್ತಾರೆ, ಮೂಗಿನ ಮೇಲೆ ಗಾಯ ಮಾಡಿಕೊಳ್ಳುತ್ತಾರೆ. ಕುಳಿತಲ್ಲಲ್ಲ, ಮಲಗಿಕೊಂಡು, ಗಾಳಿ ಬಿಟ್ಟುಕೊಂಡೇ ಪಟ್ಟಿ ಹೊಂದಿಸಿ. ಗಡ್ಡವಿದ್ದರೆ ಬಾಯಿ ಮುಚ್ಚುವ ಮಾಸ್ಕ್ ಸೋರುವುದು ಸಹಜ. ಗಡ್ಡ ತೆಗೆಯಬೇಕಿಲ್ಲ, ಮೂಗಿನ ಹೊಳ್ಳೆಗಷ್ಟೇ ಕೂರುವ 'ನೇಸಲ್ ಪಿಲ್ಲೋ' ಕೇಳಿ ನೋಡಿ. ಬಾಯಿ ತೆರೆದು ಮಲಗುವವರಿಗೆ ಮಾತ್ರ ಅದು ಹೊಂದಲಿಕ್ಕಿಲ್ಲ.

ಮುಖ್ಯ ಒತ್ತಡದ ಅಂಕಿಯನ್ನು ನೀವಾಗಿಯೇ ಮುಟ್ಟಬೇಡಿ. ಈ ಯಂತ್ರಗಳು ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡ ಕೊಡುತ್ತವೆ; ನಿಮಗೆಷ್ಟು ಬೇಕೆಂದು ನಿಗದಿಪಡಿಸಬೇಕಾದವರು ನಿದ್ರೆಯ ಪರೀಕ್ಷೆ ನೋಡಿದ ವೈದ್ಯರು. ತೂಕ ತುಂಬಾ ಇಳಿದಿದ್ದರೆ, ಹೊಟ್ಟೆಯಲ್ಲಿ ಗಾಳಿ ತುಂಬುತ್ತಿದ್ದರೆ ಯಂತ್ರದ ಸಮೇತ ಅವರಲ್ಲಿಗೆ ಹೋಗಿ.

ರಮಝಾನಿನಲ್ಲಿ ಸಹರಿ, ಫಜ್ರ್ ಮುಗಿಸಿ ಮತ್ತೆ ಒರಗುವವರು ಮಾಸ್ಕ್ ಮರೆತೇಬಿಡುತ್ತಾರೆ. ಆ ಎರಡು ಗಂಟೆಯ ನಿದ್ರೆಗೂ ಅದು ಬೇಕು.